ಗುಡಿಸುವ ಸರದಿ

ವಿದ್ಯಾರ್ಜನೆಗಾಗಿ ಮನೆ ಬಿಟ್ಟು ಹೋಗುವುದು ನಮ್ಮ ಜನಕ್ಕೆ ಹೊಸದಲ್ಲ. ಹಳ್ಳಿಯಿಂದ ಮಠದ ಪ್ರಸಾದ ನಿಲಯಕ್ಕೆ, ಅಲ್ಲಿಂದ ಪಟ್ಟಣದ ಕಾಲೇಜಿಗೆ ಹೋದವರು ನಮ್ಮ ತಲೆಮಾರಿನಲ್ಲಿ ಬಹಳ ಜನ. ಇಂದು ಆ ಹಾದಿ ಸಮುದ್ರವನ್ನು ದಾಟಿದೆ. ಸಾಲದ ಕಾಗದಕ್ಕೆ ತಂದೆ ರುಜು ಹಾಕುತ್ತಾನೆ. ತಾಯಿ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿ ಕಳಿಸುತ್ತಾಳೆ. ಆದರೆ ಅಲ್ಲಿಗೆ ಹೋದ ಮೇಲೆ ಮಗುವಿನ ದಿನಗಳು ಹೇಗೆ ಸಾಗುವವೆಂದು ವಿಚಾರಿಸುವ ಮನೆಗಳು ವಿರಳ.

ಪರಿಚಿತರೊಬ್ಬರ ಮಗ ದಕ್ಷಿಣ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಓದುತ್ತಿದ್ದಾನೆ. ನೆಕ್ಕರ್ ನದಿಯ ದಂಡೆಯ ಆ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪಿತವಾದುದು. ಮೊನ್ನೆ ರಜೆಗೆ ಬಂದ ತರುಣ ನನ್ನೆದುರು ಕುಳಿತು ತನ್ನ ಮೊದಲ ವರ್ಷದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಪಾಲಕರೆಲ್ಲರೂ ಕೇಳತಕ್ಕ ಸಂಗತಿಗಳು ಅದರಲ್ಲಿವೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಶುಲ್ಕ ಬಹುಮಟ್ಟಿಗೆ ಇಲ್ಲವೆಂಬುದು ನಿಜ. ಆದರೂ ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಆರು ತಿಂಗಳ ಅವಧಿಗೆ 1,500 ಯುರೋ ಶುಲ್ಕ ವಿಧಿಸಿತು. ವೀಸಾ ಪಡೆಯುವಾಗ ಒಂದು ವರ್ಷದ ಖರ್ಚನ್ನು ವಿಶೇಷ ಖಾತೆಯಲ್ಲಿ ಮುಂಗಡವಾಗಿ ತೋರಿಸಬೇಕು; 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯುರೋ ಎಂದು ನಿಗದಿಯಾಯಿತು. ಖಾತೆ ತನ್ನದೇ ಆದರೂ ಅದರಿಂದ ತಿಂಗಳಿಗೆ 992 ಯುರೋ ಮಾತ್ರ ಕೈಗೆ ಬರುತ್ತದೆ. ಮನೆ ಹಿಡಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು; ಅದಕ್ಕೆ ಮನೆಯೊಡೆಯನ ಪತ್ರ ಬೇಕು. ಆರೋಗ್ಯವಿಮೆ ಕಡ್ಡಾಯ.

ಕಾಗದಪತ್ರಗಳ ಕೆಲಸ ಹೇಗೋ ಮುಗಿಯಿತು. ಕಷ್ಟ ಆಮೇಲೆ ಆರಂಭವಾಯಿತು. ಆತ ಅಕ್ಟೋಬರದ ಒಂದು ಶನಿವಾರ ರಾತ್ರಿ ಊರು ಸೇರಿದ್ದ. ಮರುದಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಅಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ತಾಯಿ ಕಟ್ಟಿಕೊಟ್ಟ ರೊಟ್ಟಿಯೇ ಅಂದಿನ ಊಟವಾಯಿತು. ಡಿಸೆಂಬರದಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುವನು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಆತನಿಗೆ ಬಿಡುವಾಗುವ ಹೊತ್ತಿಗೆ ಇಲ್ಲಿ ಮನೆಮಂದಿ ಮಲಗಿರುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ವಾರಗಟ್ಟಲೆ ಕೋಣೆ ಬಿಟ್ಟು ಹೊರಬರಲಿಲ್ಲ. ತಾಯಿ ಫೋನಿನಲ್ಲಿ "ಹೆಂಗದೀಯಪ್ಪಾ?" ಎಂದಾಗಲೆಲ್ಲ "ಆರಾಮದೀನವ್ವಾ" ಎಂದೇ ಉತ್ತರಿಸಿದ. ತಂದೆಯ ತಲೆಯ ಮೇಲಿನ ಸಾಲ ಆತನ ಬಾಯಿ ಕಟ್ಟಿತ್ತು.

ಆ ಸೀಮೆಯಲ್ಲಿ "ಕೇರ್‌ವೋಖೆ", ಅಂದರೆ ಗುಡಿಸುವ ವಾರ ಎಂಬ ಹಳೆಯ ಪದ್ಧತಿಯಿದೆ. ಒಂದೇ ಕಟ್ಟಡದ ಬಾಡಿಗೆದಾರರು ವಾರಕ್ಕೊಬ್ಬರಂತೆ ಮೆಟ್ಟಿಲನ್ನೂ ಮುಂಬಾಗಿಲನ್ನೂ ಶುಚಿಗೊಳಿಸಬೇಕು. ಸರದಿ ಬಂದವರ ಬಾಗಿಲಿಗೆ ಚಿಕ್ಕ ಫಲಕ ತೂಗುಹಾಕುತ್ತಾರೆ. ಈತನ ಬಾಗಿಲಿಗೂ ಅದು ಬಂತು. ಅರ್ಥವಾಗದೆ ಸುಮ್ಮನಿದ್ದ. ಕೆಳಗಿನ ಮನೆಯ ವೃದ್ಧೆ ಬಂದು ಏನೋ ಹೇಳಿದಳು, ಭಾಷೆ ತಿಳಿಯಲಿಲ್ಲ. ಆಕೆ ಒಳಹೋಗಿ ಕಸಬರಿಗೆ ತಂದು ಕೈಗಿಟ್ಟಳು.

"ಅಜ್ಜಾರ, ನಮ್ಮ ಮನ್ಯಾಗ ನಾ ಒಂದು ದಿನಾನೂ ಕಸಾ ಹೊಡದಾಂವಲ್ಲ. ಅವ್ವ, ತಂಗಿ ಮಾಡತಿದ್ರು. ಆ ಮುದುಕಿ ಮುಂದ ನಂಗ ಭಾಳ ನಾಚಿಕಿ ಬಂತು" ಎಂದನು ತರುಣ.

ಆ ವಾರ ಮೆಟ್ಟಿಲುಗಳನ್ನು ಆತನೇ ಗುಡಿಸಿ ಒರೆಸಿದ. ಆಕೆ ಪ್ರತಿಯೊಂದು ವಸ್ತುವನ್ನೂ ತೋರಿಸಿ ಅದರ ಹೆಸರು ಹೇಳಿಕೊಟ್ಟಳು. ಹಿಮ ಬಿದ್ದಾಗ ಕಾಲುದಾರಿ ಬಿಡಿಸುವುದನ್ನು ಕಲಿಸಿದಳು. ಕ್ರಮೇಣ ಆ ಮನೆಯವರೆಲ್ಲ ಹೆಸರು ಹಿಡಿದು ಕರೆಯತೊಡಗಿದರು. ಒಂದು ದಿನ ಆತನ ಬಾಡಿದ ಮುಖವನ್ನು ಕಂಡು, ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನಸ್ಸಿನ ದುಗುಡ ಹೇಳಿಕೊಳ್ಳಲು ಆಪ್ತಸಲಹೆಗಾರರಿದ್ದಾರೆಂದು ತಿಳಿಸಿದವಳೂ ಆಕೆಯೇ. ಆತ ಅಲ್ಲಿಗೆ ಹೋದ. ಬಿದ್ದ ಪರೀಕ್ಷೆಯನ್ನು ಮುಂದಿನ ಅವಧಿಯಲ್ಲಿ ಗೆದ್ದ.

ಕೇಳುತ್ತಿದ್ದಂತೆ ನನ್ನ ಬಾಲ್ಯ ನೆನಪಾಯಿತು. ಹತ್ತನೆಯ ವಯಸ್ಸಿನಲ್ಲಿ ಮಠಕ್ಕೆ ಸೇರಿದಾಗ ರಾತ್ರಿಯೆಲ್ಲ ಅಳುತ್ತಿದ್ದೆ. ಹಿರಿಯ ವಿದ್ಯಾರ್ಥಿಯೊಬ್ಬರು ನಸುಕಿನಲ್ಲಿ ಎಬ್ಬಿಸಿ ಅಂಗಳ ಗುಡಿಸಲು ಹಚ್ಚಿದರು. ನಾಲ್ಕಾರು ದಿನ ಗುಡಿಸಿದ ಮೇಲೆ ಅದು ಪರರ ಅಂಗಳವೆನಿಸಲಿಲ್ಲ.

ಇದೇ ಟ್ಯೂಬಿಂಗನ್ನಿಗೂ ಕನ್ನಡಕ್ಕೂ ಹಳೆಯ ಋಣವಿದೆ. 1853ರಲ್ಲಿ ಇಪ್ಪತ್ತೊಂದರ ಹರೆಯದ ಫರ್ಡಿನೆಂಡ್ ಕಿಟೆಲ್ ಜರ್ಮನಿಯಿಂದ ನಮ್ಮ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿ, ಜನರ ಬಾಯಿಂದ ಮಾತು ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲೇ. ಪರದೇಶದ ಮಾತಿಗೆ ಕಿವಿಗೊಟ್ಟವನಿಗೆ ಆ ದೇಶ ಒಲಿಯುವುದೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಆದ್ದರಿಂದ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟು. ಮಗನಾಗಲಿ ಮಗಳಾಗಲಿ, ಹೊರಡುವ ಆರು ತಿಂಗಳ ಮೊದಲೇ ಅಡುಗೆ ಮಾಡುವುದನ್ನು, ಬಟ್ಟೆ ಒಗೆಯುವುದನ್ನು, ಕಸಬರಿಗೆ ಹಿಡಿಯುವುದನ್ನು ಕಲಿಸಿರಿ. ಆ ದೇಶದ ಭಾಷೆಯ ನಾಲ್ಕು ಮಾತುಗಳನ್ನು ಕಲಿತೇ ಹೊರಡಲಿ. ಫೋನಿನಲ್ಲಿ ಅಂಕಗಳನ್ನು ಕೇಳುವ ಮೊದಲು, ಈ ವಾರ ಯಾರ ಜೊತೆ ಊಟ ಮಾಡಿದೆ ಎಂದು ಕೇಳಿರಿ. ಸಾಲದ ಮಾತನ್ನು ಪದೇಪದೇ ಎತ್ತದಿರಿ. ಸೋತೆನೆಂದು ಹೇಳಿಕೊಳ್ಳುವ ಧೈರ್ಯ ಮಗುವಿಗೆ ಮನೆಯಿಂದಲೇ ಬರಬೇಕು.

ಆ ತರುಣ ತನ್ನ ಸೋಲಿನ ಸಂಗತಿಯನ್ನು ತಂದೆಗೆ ಹೇಳಿದ್ದು ಈ ರಜೆಯಲ್ಲಿಯೇ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಆಗ್ಲೇ ಯಾಕ ಹೇಳ್ಲಿಲ್ಲೋ ತಮ್ಮಾ" ಎಂದರಂತೆ. ಮರುದಿನ ಬೆಳಿಗ್ಗೆ ಅವರ ಮನೆಯ ಅಂಗಳ ಗುಡಿಸುತ್ತಿದ್ದವನು ಮಗ. ಅವನ ತಾಯಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದುದನ್ನು ನಾನೇ ಕಂಡೆ.