ಪ್ರಶ್ನೆ ಕೇಳುವ ವಿದ್ಯೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಎಷ್ಟೋ ಬಾಲಿಕೆಯರು ಶಾಲೆಯ ಹೊಸ್ತಿಲು ತುಳಿಯುವ ಮೊದಲೇ ಎರಡು ಭಾಷೆಗಳಲ್ಲಿ ಪ್ರಶ್ನೆ ಕೇಳಬಲ್ಲರು. ಮನೆಯಲ್ಲಿ "ನೀನು ಬರುತ್ತೀಯಾ?" ಎಂದವಳೇ ನೆರೆಮನೆಯ ಮರಾಠಿ ಗೆಳತಿಯನ್ನು "ತೂ ಯೇತೇಸ್ ಕಾ?" ಎಂದು ಕೇಳುವಳು. ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ಆ, ಏ, ಓ ಎಂಬ ಸ್ವರಗಳಲ್ಲೊಂದು, ಮರಾಠಿಯಲ್ಲಿ 'ಕಾ' ಎಂಬುದು ಸೇರಿದರೆ ಸಾಕು; ಉಳಿದ ಪದಗಳು ತಮ್ಮ ಸ್ಥಾನ ಬಿಟ್ಟು ಕದಲುವುದಿಲ್ಲ.

ಇಂಗ್ಲಿಷಿನ ಪದ್ಧತಿಯೇ ಬೇರೆ. ಅಲ್ಲಿ "ಶೀ ಈಸ್ ಹಿಯರ್" ಎಂಬುದು "ಈಸ್ ಶೀ ಹಿಯರ್?" ಎಂದು ತಿರುಗಬೇಕು. ವಾಕ್ಯದಲ್ಲಿ ಸಹಾಯಕ ಕ್ರಿಯಾಪದವಿಲ್ಲದಿದ್ದರೆ 'ಡೂ' ಎಂಬುದನ್ನು ಕರೆತರಬೇಕು. "ಶೀ ವೆಂಟ್" ಎಂಬುದು "ಡಿಡ್ ಶೀ ಗೋ?" ಎಂದಾಗುವುದು. ಭೂತಕಾಲದ ಹೊರೆಯನ್ನು 'ಡಿಡ್' ಹೊತ್ತ ಮೇಲೆ ಮುಖ್ಯ ಕ್ರಿಯಾಪದವು ಅದನ್ನು ಮತ್ತೆ ಹೊರಬೇಕಾಗಿಲ್ಲ. ಆದರೂ ನಮ್ಮ ಬಾಲಿಕೆಯರು "ಡಿಡ್ ಶೀ ವೆಂಟ್?" ಎಂದೇ ಬರೆಯುವರು. ಇದು ದಡ್ಡತನವಲ್ಲ. "ಹೋದಳು" ಎಂಬುದು "ಹೋದಳೇ?" ಎಂದಾದಾಗ ಕಾಲವು ಕ್ರಿಯಾಪದದಲ್ಲಿಯೇ ಉಳಿಯುವುದಷ್ಟೆ, ಮಾತೃಭಾಷೆಯ ಆ ನಿಯಮವನ್ನೇ ಅವರು ಇಂಗ್ಲಿಷಿಗೂ ಹಚ್ಚುವರು. ನಮ್ಮ 'ಅಲ್ಲವೇ' ಎಂಬುದು ಎಲ್ಲ ವಾಕ್ಯಗಳಿಗೂ ಒಪ್ಪುವುದರಿಂದ 'ಈಸಂಟ್ ಇಟ್' ಎಂಬುದನ್ನೂ ಎಲ್ಲ ಕಡೆಗೆ ಅಂಟಿಸುವರು. ಬೆತ್ತಕ್ಕಿಂತಲೂ ಇಂಥ ಹೋಲಿಕೆಯೇ ತಪ್ಪನ್ನು ಬೇಗ ತಿದ್ದುವುದೆಂದು ನನ್ನ ಅಭಿಪ್ರಾಯ. ಈ 'ಡೂ' ಕೂಡ ಅನಾದಿಯಿಂದ ಬಂದ ಕಟ್ಟಳೆಯಲ್ಲ. 1611ರ ಇಂಗ್ಲಿಷ್ ಬೈಬಲಿನ ಅನೇಕ ಪ್ರಶ್ನೆಗಳಲ್ಲಿ ಅದಿಲ್ಲದೆ ಕ್ರಿಯಾಪದವೇ ಕರ್ತೃವಿನ ಮುಂದೆ ಬಂದು ನಿಲ್ಲುವುದು.

ಆದರೆ ನಿಜವಾದ ಕೊರತೆಯು ವ್ಯಾಕರಣದಲ್ಲಿಲ್ಲ. ತರಗತಿಯಲ್ಲಿ ಕೇಳುವವರು ಗುರುಗಳು, ಉತ್ತರಿಸುವವಳು ವಿದ್ಯಾರ್ಥಿನಿ. "ಪ್ರಶ್ನಾರ್ಥಕವಾಗಿ ಮಾರ್ಪಡಿಸಿರಿ" ಎಂದಾಗ ಆಕೆ ಪರರ ವಾಕ್ಯವನ್ನು ತಿರುಗಿಸಿಯಾಳು; ತನಗೆ ತಿಳಿಯಬೇಕಾದುದನ್ನು ತಾನಾಗಿ ಕೇಳುವ ಪ್ರಸಂಗವೇ ಬರುವುದಿಲ್ಲ. ಮುಂದೆ ವೈದ್ಯರೆದುರು, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಕೇಳದೆ ಹಿಂದಿರುಗಿದರೆ ಹಾನಿಯು ಆಕೆಯದೇ.

ಆದುದರಿಂದ ಪ್ರತಿ ಇಂಗ್ಲಿಷ್ ಪಾಠದಲ್ಲಿ ಒಬ್ಬೊಬ್ಬ ವಿದ್ಯಾರ್ಥಿನಿಯೂ ತನ್ನದೇ ಆದ ಒಂದು ಪ್ರಶ್ನೆಯನ್ನು ಕೇಳತಕ್ಕದ್ದು. ತಪ್ಪಾದರೆ ನಗದೆ ತಿದ್ದಬೇಕು. ಪಾಲಕರಲ್ಲಿಯೂ ನನ್ನದೊಂದು ಬಿನ್ನಹ: ಮಗಳು "ಏಕೆ?" ಎಂದಾಗ "ಎದುರು ಮಾತಾಡಬೇಡ" ಎನ್ನದಿರಿ. ಮನೆಯಲ್ಲಿ ಬಾಯಿ ಕಟ್ಟಿದವಳಿಗೆ ಶಾಲೆಯು ಯಾವ ಭಾಷೆಯಲ್ಲಿ ಪ್ರಶ್ನೆ ಕಲಿಸೀತು?