ಉಗ್ರಾಣದಲ್ಲಿ ತೂಕ, ಪಂಕ್ತಿಯಲ್ಲಿ ಸೌಟು

ಶರಣ ಪರಂಪರೆಯಲ್ಲಿ ಅನ್ನವು ಪ್ರಸಾದ. ಅದನ್ನು ಎಡೆಯಲ್ಲಿ ಬಿಡಬಾರದು, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕು ಎಂಬುದು ಮಠದ ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಬಾಲ್ಯದಿಂದಲೇ ತಿಳಿದ ನಡೆ. ಆದರೆ 'ಬೇಕಾದಷ್ಟು' ಎಂದರೆ ಎಷ್ಟು? ಮಧುಮೇಹ, ಸ್ಥೂಲಕಾಯ, ಹೃದ್ರೋಗಗಳು ಮನೆಮನೆಯನ್ನು ಪ್ರವೇಶಿಸಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಕ್ಯಾಲೊರಿಯ ಲೆಕ್ಕದಲ್ಲಿ ಕೇಳುವವರು ಹೆಚ್ಚಾಗಿದ್ದಾರೆ. ಕೆಲವರು ಬಟ್ಟಲಿನಿಂದ ಅಳೆಯುತ್ತಾರೆ, ಕೆಲವರು ಚಿಕ್ಕ ಡಿಜಿಟಲ್ ತಕ್ಕಡಿಯನ್ನು ಅಡುಗೆಮನೆಗೆ ತಂದಿದ್ದಾರೆ. ಇವೆರಡರಲ್ಲಿ ಯಾವುದು ಸರಿ ಎಂದು ನಮ್ಮನ್ನು ಕೇಳುವವರಿಗೆ ಉತ್ತರ ಹೇಳುವ ಮೊದಲು, ನಮ್ಮಿಂದಲೇ ಆದ ಒಂದು ಪ್ರಮಾದವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಎಪ್ಪತ್ತರ ಸಮೀಪದ ತಾಯಿಯೊಬ್ಬರು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಬಹುಕಾಲದ ಮಧುಮೇಹ; ಬೇರೆ ವೈದ್ಯರ ಸಲಹೆಯಂತೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಪಥ್ಯದ ಚೀಟಿಯನ್ನು ಮಾತ್ರ ನಾವು ಬರೆದುಕೊಟ್ಟಿದ್ದೆವು. ಅದರಲ್ಲಿ ರಾತ್ರಿಯ ಊಟಕ್ಕೆ 'ಅನ್ನ 50 ಗ್ರಾಮ್, ಸೊಪ್ಪಿನ ಪಲ್ಯ, ಮಜ್ಜಿಗೆ' ಎಂದಿತ್ತು. ನಮ್ಮ ಮನಸ್ಸಿನಲ್ಲಿದ್ದುದು 50 ಗ್ರಾಮ್ ಅಕ್ಕಿಯಿಂದಾಗುವ ಅನ್ನ. ಅವರ ಸೊಸೆ ಬಹಳ ಶ್ರದ್ಧೆಯ ಹೆಣ್ಣುಮಗಳು. ಆಕೆ ಹೊಸ ತಕ್ಕಡಿಯನ್ನು ತರಿಸಿ, ಬೆಂದ ಅನ್ನವನ್ನೇ 50 ಗ್ರಾಮ್ ತೂಗಿ ಅತ್ತೆಗೆ ಬಡಿಸತೊಡಗಿದರು. ಇನ್ಸುಲಿನ್ ಪ್ರಮಾಣ ಮೊದಲಿನಷ್ಟೇ ಇತ್ತು. ಮೂರನೆಯ ರಾತ್ರಿ ಆ ತಾಯಿಗೆ ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ಮಾತು ತೊದಲತೊಡಗಿತು. ನುಂಗುವ ಶಕ್ತಿ ಇನ್ನೂ ಇದ್ದುದರಿಂದ ಮನೆಯವರು ಸಕ್ಕರೆ ನೀರು ಕುಡಿಸಿದರು, ಜೀವ ಉಳಿಯಿತು.

ಮರುದಿನ ಆ ಸೊಸೆ ಚೀಟಿಯನ್ನು ನಮ್ಮ ಮುಂದಿಟ್ಟು ಹೇಳಿದ್ದು ಇಷ್ಟೇ: "ಐವತ್ತು ಗ್ರಾಮ್ ಅಂತ ನೀವ ಬರದಿದ್ರಲ್ರೀ ಸಾಹೇಬ್ರ, ತೂಗೇ ನೀಡೀನ್ರೀ." ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪು ನಮ್ಮ ಲೇಖನಿಯದಾಗಿತ್ತು.

ಲೆಕ್ಕವನ್ನು ನೋಡೋಣ. 100 ಗ್ರಾಮ್ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿಯಿದೆ. ಬೇಯುವಾಗ ಅಕ್ಕಿ ನೀರನ್ನು ಹೀರಿ ತನ್ನ ತೂಕದ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ನೀರಿಗೆ ಕ್ಯಾಲೊರಿಯಿಲ್ಲ. ಆದ್ದರಿಂದ 100 ಗ್ರಾಮ್ ಅನ್ನದಲ್ಲಿರುವುದು 120ರಿಂದ 130 ಕ್ಯಾಲೊರಿ ಮಾತ್ರ. 50 ಗ್ರಾಮ್ ಅಕ್ಕಿಯಿಂದ ಆ ತಾಯಿಗೆ ಸುಮಾರು 175 ಕ್ಯಾಲೊರಿ ದೊರೆಯಬೇಕಿತ್ತು. ದೊರೆತದ್ದು 60ರ ಆಸುಪಾಸು. ತೂಕ ಸರಿಯಾಗಿತ್ತು, ತೂಗಿದ ವಸ್ತು ಬೇರೆಯಾಗಿತ್ತು.

ಬಟ್ಟಲಿನ ಮೋಸ

ಹಾಗಾದರೆ ಬಟ್ಟಲಿನ ಅಳತೆಯೇ ವಾಸಿ ಎಂದು ಯಾರಾದರೂ ಹೇಳಿಯಾರು. ಆದರೆ ಒಂದೇ ಬಟ್ಟಲು ಒಂದೊಂದು ಪದಾರ್ಥಕ್ಕೆ ಒಂದೊಂದು ತೂಕವನ್ನು ಹಿಡಿಯುತ್ತದೆ. 200 ಮಿಲಿಲೀಟರ್ ಬಟ್ಟಲಿನ ತುಂಬ ಚುರುಮುರಿ ಹಾಕಿದರೆ ಅದು 15-20 ಗ್ರಾಮ್ ತೂಗೀತು. ಕ್ಯಾಲೊರಿ 70ನ್ನು ದಾಟದು. ಅದೇ ಬಟ್ಟಲಿನ ತುಂಬ ಶೇಂಗಾ ಕಾಳು ಹಾಕಿದರೆ 100 ಗ್ರಾಮ್‌ಗೂ ಮಿಕ್ಕುತ್ತದೆ. ಕ್ಯಾಲೊರಿ 500ನ್ನು ದಾಟುತ್ತದೆ. ಪೇಪರ್ ಅವಲಕ್ಕಿಗೂ ದಪ್ಪ ಅವಲಕ್ಕಿಗೂ ಇಂತಹುದೇ ಅಂತರ. ಪದಾರ್ಥ ಒಂದೇ ಆದರೂ ಕೈ ಬದಲಾದರೆ ಅಳತೆ ಬದಲಾಗುತ್ತದೆ. ಜರಡಿ ಹಿಡಿದ ಹಗುರವಾದ ಹಿಟ್ಟನ್ನು ಬಟ್ಟಲಿಗೆ ಸುರಿಯುವುದು ಒಂದು, ಡಬ್ಬಿಯಲ್ಲಿ ಕುಳಿತ ಹಿಟ್ಟನ್ನು ಒತ್ತಿ ತುಂಬುವುದು ಇನ್ನೊಂದು. ಇವೆರಡರ ನಡುವೆ ಐದನೆಯ ಒಂದು ಭಾಗದಷ್ಟು ವ್ಯತ್ಯಾಸ ಸಹಜ. ಬಾಯಿಯ ಮಟ್ಟಕ್ಕೆ ಸವರಿದ ಒಂದು ಚಮಚ ಶೇಂಗಾ ಚಟ್ನಿಪುಡಿಗೂ ಗುಪ್ಪೆಯಾಗಿ ತುಂಬಿದ ಒಂದು ಚಮಚಕ್ಕೂ ಹೋಲಿಕೆಯಿಲ್ಲ. ಇಬ್ಬರೂ ವೈದ್ಯರ ಬಳಿ 'ಒಂದೇ ಚಮಚ' ಎಂದೇ ಹೇಳುತ್ತಾರೆ.

ಇದು ಹೊಸ ತೊಡಕೇನೂ ಅಲ್ಲ. ನಮ್ಮ ಹಿರಿಯರ ಸೇರು ಧಾನ್ಯವನ್ನು ಅಳೆಯುವ ಪಾತ್ರೆಯೂ ಆಗಿತ್ತು, ತೂಕದ ಹೆಸರೂ ಆಗಿತ್ತು. ಅದರ ಪ್ರಮಾಣ ಊರಿಂದೂರಿಗೆ ಬೇರೆಯಾಗಿತ್ತು. ಈ ಗೊಂದಲ ನೀಗಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ಕಿಲೋಗ್ರಾಮ್, ಲೀಟರ್‌ಗಳು ದೇಶಕ್ಕೆಲ್ಲ ಒಂದಾದವು. ಸಂತೆಯಲ್ಲಿ ಅಳಿದ ಗೊಂದಲವನ್ನು ವೈದ್ಯರಾದ ನಾವು 'ಒಂದು ಕಪ್', 'ಒಂದು ಬಟ್ಟಲು' ಎಂಬ ಮಾತುಗಳಿಂದ ಮತ್ತೆ ಮನೆಗೆ ತಂದಿದ್ದೇವೆ.

ತೂಕವೂ ಮೋಸ ಮಾಡುವುದುಂಟು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳು ಪ್ರತಿಯೊಂದು ಪದಾರ್ಥದ ವಿವರವನ್ನೂ 100 ಗ್ರಾಮ್ ತೂಕಕ್ಕೆ ಕೊಡುತ್ತವೆ. ಕ್ಯಾಲೊರಿಯ ಲೆಕ್ಕ ನಿಂತಿರುವುದೇ ತೂಕದ ಮೇಲೆ. ಆದುದರಿಂದ ಲೆಕ್ಕ ಮಾಡುವವರು ಎಲ್ಲಿಯಾದರೂ ಒಮ್ಮೆ ತೂಗದೆ ಗತಿಯಿಲ್ಲ. ಆದರೆ ಆ ಅಂಕಿಗಳಲ್ಲಿ ಧಾನ್ಯ, ಬೇಳೆ, ಹಿಟ್ಟುಗಳದು ಬೇಯಿಸದ ಸ್ಥಿತಿಯ ಲೆಕ್ಕವೆಂಬುದನ್ನು ಮರೆಯಬಾರದು.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. 50 ಗ್ರಾಮ್ ಹಿಟ್ಟಿನಿಂದ ತಟ್ಟಿದ ಬಿಸಿರೊಟ್ಟಿಯಲ್ಲಿ ನೀರಿನ ಅಂಶ ಇರುವುದರಿಂದ ಅದು ಹಿಟ್ಟಿಗಿಂತ ಹೆಚ್ಚು ತೂಗುತ್ತದೆ. ಅದನ್ನೇ ಒಣಗಿಸಿ ಕಟಕ್ ರೊಟ್ಟಿ ಮಾಡಿದರೆ ತೂಕ ಇಳಿಯುತ್ತದೆ. ಎರಡರಲ್ಲಿಯೂ ಇರುವುದು ಅದೇ 170ರ ಸಮೀಪದ ಕ್ಯಾಲೊರಿ. ಕಟಕ್ ರೊಟ್ಟಿ ಹಗುರ, ಆದ್ದರಿಂದ ಒಂದು ಹೆಚ್ಚು ತಿನ್ನಬಹುದು ಎಂದು ತಿಳಿಯುವವರು ತಕ್ಕಡಿಯನ್ನು ನಂಬಿಯೇ ಮೋಸ ಹೋಗುತ್ತಾರೆ.

ಶಾಸ್ತ್ರ ಹೇಳಿದ್ದನ್ನು ನಾವೇ ಮರೆತೆವು

ಆಯುರ್ವೇದ ವಿದ್ಯಾರ್ಥಿಗೆ ಈ ಪಾಠ ಹೊಸದಲ್ಲ. ಔಷಧ ತಯಾರಿಕೆಯ ಪರಿಭಾಷೆಯಲ್ಲಿ, ಒಣ ದ್ರವ್ಯಕ್ಕೆ ಹೇಳಿದ ಪ್ರಮಾಣದಲ್ಲಿ ಹಸಿ ದ್ರವ್ಯವನ್ನು ಬಳಸುವುದಾದರೆ ಎರಡು ಪಟ್ಟು ತೆಗೆದುಕೊಳ್ಳಬೇಕೆಂಬ ಸಾಮಾನ್ಯ ನಿಯಮವಿದೆ. ಹಸಿಯದರಲ್ಲಿ ನೀರಿನ ತೂಕ ಸೇರಿರುತ್ತದೆ ಎಂಬುದೇ ಅದರ ತಾತ್ಪರ್ಯ. ಕಷಾಯ ಕಾಯಿಸುವಾಗ ನಾಲ್ಕು ದಶಕಗಳಿಂದ ಈ ನಿಯಮವನ್ನು ಪಾಲಿಸುತ್ತ ಬಂದ ನಾವು, ಅನ್ನದ ಮಾತು ಬಂದಾಗ ಅಕ್ಕಿಗೂ ಅನ್ನಕ್ಕೂ ಭೇದವೆಣಿಸದೆ ಬರೆದೆವು.

ಇನ್ನೊಂದು ಮಾತು. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯಕ್ಕೆ 'ಮಾತ್ರಾಶಿತೀಯ' ಎಂದೇ ಹೆಸರು. ಆಹಾರದ ಮಾತ್ರೆಯು ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿದೆ ಎಂಬುದು ಅಲ್ಲಿಯ ಸಿದ್ಧಾಂತ. ಗುರು ಪದಾರ್ಥಗಳನ್ನು ತೃಪ್ತಿಯ ಅರ್ಧಕ್ಕೋ ಇನ್ನೂ ಮೊದಲೋ ನಿಲ್ಲಿಸಬೇಕು, ಲಘು ಪದಾರ್ಥಗಳನ್ನೂ ಅತಿತೃಪ್ತಿಯಾಗುವಷ್ಟು ತಿನ್ನಬಾರದು. ವಾಗ್ಭಟರು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ಪಾನಕ್ಕೂ ಬಿಟ್ಟು, ಉಳಿದ ಒಂದನ್ನು ವಾಯುವಿನ ಸಂಚಾರಕ್ಕೆ ತೆರವಾಗಿಡಲು ಹೇಳಿದರು. ಹೊಟ್ಟೆಯ ಭಾಗ ಎಂಬುದು ಗಾತ್ರದ ಮಾತು. ಗುರು-ಲಘು ಎಂಬುದು ಪದಾರ್ಥದ ಗುಣದ ಮಾತು. ಗುರುತ್ವವೇ ಕ್ಯಾಲೊರಿ ಎಂದು ನಾವು ಸಮೀಕರಿಸುತ್ತಿಲ್ಲ. ಆದರೆ ಒಂದೇ ಅಳತೆಗೋಲು ಸಾಲದೆಂಬುದನ್ನು ಆಚಾರ್ಯರು ಅರಿತಿದ್ದರು.

ನಮ್ಮ ಅಭಿಪ್ರಾಯ

ದಾಸೋಹದ ಅಡುಗೆಮನೆಯನ್ನು ಕಂಡವರಿಗೆ ನಮ್ಮ ಅಭಿಪ್ರಾಯ ಸುಲಭವಾಗಿ ಅರ್ಥವಾದೀತು. ಸಾವಿರಾರು ಮಕ್ಕಳು ಉಣ್ಣುವ ಮಠಗಳಲ್ಲಿ ಉಗ್ರಾಣದಿಂದ ಅಕ್ಕಿ, ಬೇಳೆ, ಎಣ್ಣೆಗಳು ಹೊರಬರುವಾಗ ತೂಕದ ಲೆಕ್ಕವಿರುತ್ತದೆ. ಪಂಕ್ತಿಯಲ್ಲಿ ಯಾರೂ ತಕ್ಕಡಿ ಹಿಡಿದು ಬಡಿಸುವುದಿಲ್ಲ. ಅಲ್ಲಿ ಸೌಟೇ ಅಳತೆ. ಮನೆಯಲ್ಲಿಯೂ ಇದೇ ಕ್ರಮ ಇರಲಿ: ಬೇಯಿಸುವ ಮುನ್ನ ತೂಕ, ಬಡಿಸುವಾಗ ಗೊತ್ತಾದ ಒಂದು ಸೌಟು.

ಅಭ್ಯಾಸಕ್ಕೆ ತರುವುದು ಕಷ್ಟವಲ್ಲ. ಒಂದು ದಿನ 300 ಗ್ರಾಮ್ ಅಕ್ಕಿಯನ್ನು ತೂಗಿ ಎಂದಿನಂತೆ ಅನ್ನ ಮಾಡಿ. ಪಾತ್ರೆಯ ತೂಕವನ್ನು ಕಳೆದು ಅನ್ನವನ್ನು ತೂಗಿ. ಅದು 840 ಗ್ರಾಮ್ ಆಯಿತೆನ್ನಿ; ಅಂದರೆ 2.8 ಪಟ್ಟು. ಈಗ ನಿಮ್ಮ ಮನೆಯ ಸೌಟಿನಿಂದ ಎಂದಿನಂತೆ ಅನ್ನ ತೆಗೆದು ನಾಲ್ಕೈದು ಬಾರಿ ತೂಗಿ ಸರಾಸರಿ ನೋಡಿ. ಸೌಟಿಗೆ 70 ಗ್ರಾಮ್ ಬಂದರೆ ಅದರಲ್ಲಿರುವುದು 25 ಗ್ರಾಮ್ ಅಕ್ಕಿ. ಎರಡು ಸೌಟು ಅನ್ನವೆಂದರೆ 50 ಗ್ರಾಮ್ ಅಕ್ಕಿ, ಸುಮಾರು 175 ಕ್ಯಾಲೊರಿ. ಸೌಟು, ಅಕ್ಕಿ ಅಥವಾ ನೀರಿನ ಪ್ರಮಾಣ ಬದಲಾಗುವ ತನಕ ಮತ್ತೆ ತೂಗುವ ಅಗತ್ಯವಿಲ್ಲ. ರೊಟ್ಟಿ, ಚಪಾತಿಗಳಿಗೆ ಹಿಟ್ಟನ್ನು ತೂಗಿ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಹಾಲು, ಮಜ್ಜಿಗೆಗಳಿಗೆ ಲೋಟದ ಅಳತೆಯೇ ಸಾಕು. ಅಂಬಲಿಗೆ ಮಾತ್ರ ಒಳಗಿನ ಹಿಟ್ಟನ್ನು ಲೆಕ್ಕ ಹಿಡಿಯಬೇಕು. ಸೊಪ್ಪು, ಸೌತೆ, ಹೀರೆಗಳನ್ನು ತೂಗುತ್ತ ಕೂರುವುದು ವ್ಯರ್ಥ ಶ್ರಮ.

ನಿಜವಾಗಿ ಕಣ್ಣಿಡಬೇಕಾದುದು ಎಣ್ಣೆ, ತುಪ್ಪಗಳ ಮೇಲೆ. ಒಂದು ಗ್ರಾಮ್ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. 5 ಮಿಲಿಲೀಟರಿನ ಒಂದು ಚಿಕ್ಕ ಚಮಚ ಎಣ್ಣೆಯೆಂದರೆ 40 ಕ್ಯಾಲೊರಿ. ಒಗ್ಗರಣೆಗೆ ಕೈಯಳತೆಯಲ್ಲಿ ಸುರಿಯುವ ಎಣ್ಣೆಯನ್ನು ಯಾರೂ ತೂಗಲಾರರು. ಆದರೆ ಒಂದು ಲೀಟರ್ ಎಷ್ಟು ದಿನಕ್ಕೆ ಮುಗಿಯಿತು ಎಂಬುದನ್ನು ಎಲ್ಲರೂ ಬರೆದಿಡಬಹುದು. ನಾಲ್ವರ ಮನೆಯಲ್ಲಿ ಹತ್ತು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 23 ಗ್ರಾಮ್, ಅಂದರೆ 200 ಕ್ಯಾಲೊರಿಗೂ ಹೆಚ್ಚು. ಅನ್ನದ ತುತ್ತುಗಳನ್ನು ಎಣಿಸುತ್ತ ಎಣ್ಣೆಯನ್ನು ಮರೆತವರನ್ನು ನಾವು ಬಹಳ ಕಂಡಿದ್ದೇವೆ.

ಈ ಲೆಕ್ಕ ಎಲ್ಲರಿಗೂ ಬೇಕಿಲ್ಲ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಕೃಶರಾದ ವೃದ್ಧರ ತಟ್ಟೆಯ ಪಕ್ಕದಲ್ಲಿ ತಕ್ಕಡಿ ಇಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟದ ಪ್ರಮಾಣವನ್ನು ಒಮ್ಮೆಲೇ ಇಳಿಸಬಾರದು. ಬೆವರು, ನಡುಕ, ಕಣ್ಣು ಕತ್ತಲೆ ಕಂಡಾಗ ಎಚ್ಚರವಿದ್ದರೆ ತಡಮಾಡದೆ ಸಕ್ಕರೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ವೈದ್ಯಬಂಧುಗಳಲ್ಲಿಯೂ ನಮ್ಮದೊಂದು ವಿನಂತಿ. ಪಥ್ಯ ಮುರಿದವರೆಂದು ರೋಗಿಯನ್ನು ಗದರುವ ಮುನ್ನ ನಮ್ಮ ಚೀಟಿಯನ್ನು ಒಮ್ಮೆ ಓದಿಕೊಳ್ಳೋಣ. 'ಒಂದು ಕಪ್' ಎಂದು ಬರೆದರೆ ಎಷ್ಟು ಮಿಲಿಲೀಟರ್ ಎಂದೂ, 'ಗ್ರಾಮ್' ಎಂದು ಬರೆದರೆ ಅಕ್ಕಿಯೋ ಅನ್ನವೋ ಎಂದೂ ಕಾಣಿಸೋಣ. ಆ ರಾತ್ರಿಯ ಬಳಿಕ ನಾವು 'ಬೇಯಿಸುವ ಮುನ್ನ' ಎಂಬ ಎರಡು ಪದಗಳನ್ನು ಸೇರಿಸದೆ ಯಾವ ಚೀಟಿಯನ್ನೂ ಕೊಟ್ಟಿಲ್ಲ. ಆ ತಾಯಿ ಮುಂದೆಯೂ ನಮ್ಮಲ್ಲಿಗೆ ಬರುತ್ತಿದ್ದರು. ಸೊಸೆ ಪ್ರತಿ ಸಲವೂ ಚೀಟಿಯನ್ನು ನಮ್ಮೆದುರೇ ಗಟ್ಟಿಯಾಗಿ ಓದಿ, ಖಾತ್ರಿ ಮಾಡಿಕೊಂಡೇ ಏಳುತ್ತಿದ್ದರು. ಓದುಗರೂ ತಮ್ಮ ವೈದ್ಯರ ಬಳಿ ಹಾಗೆ ಕೇಳಲು ಸಂಕೋಚಪಡಬಾರದು.

ಸರ್ವರಿಗೂ ಆರೋಗ್ಯ ಲಭಿಸಲಿ. ಶರಣು ಶರಣಾರ್ಥಿ.