ಶೋರಾಪುರದ ಓತ್ವ

ಕಾಗದದ ಮೇಲೆ ಬರೆದ ಅಕ್ಷರಕ್ಕೆ ಕಣ್ಣಿಗೆ ಕಾಣುವ ರೂಪವೊಂದೇ. ಗಣಕಯಂತ್ರದೊಳಗಿನ ಅಕ್ಷರಕ್ಕೆ ಕಾಣದ ಮತ್ತೊಂದು ರೂಪವುಂಟು, ಅದು ಸಂಖ್ಯೆಗಳದು. ಪಹಣಿ, ಅಂಕಪಟ್ಟಿ, ಗ್ರಂಥಾಲಯದ ಸೂಚಿಗಳು ಅಂತರ್ಜಾಲವನ್ನು ಸೇರುತ್ತಿರುವ ಈ ದಿನಗಳಲ್ಲಿ ಆ ಕಾಣದ ರೂಪವನ್ನು ಗೊತ್ತುಮಾಡುವ ವಿಚಾರವು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ಭಾವಿಸಲಾರೆ.

ನಮ್ಮ ಜಿಲ್ಲೆಯ ಹೆಸರುಗಳನ್ನೇ ನೋಡೋಣ. ಯಾದಗಿರಿ, ಶಹಾಪುರ, ಸುರಪುರ ಎಂದು ಬರೆಯುವುದಾದರೆ ತೊಡಕಿಲ್ಲ. ಆದರೆ ಸುರಪುರಕ್ಕೆ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಬಂದ ಹೆಸರನ್ನು ಕನ್ನಡಿಸಿ ‘ಶೋರಾಪುರ’ ಎಂದು ಬರೆದೊಡನೆ ಪ್ರಶ್ನೆ ಏಳುತ್ತದೆ. ಯುನಿಕೋಡಿನಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಏತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ಸಂಕೇತಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ಎರಡೂ ಸಮಾನವೆಂದೇ ಯುನಿಕೋಡಿನ ಮತ. ತೆರೆಯ ಮೇಲೂ ಭೇದ ಕಾಣದು. ಆದರೆ ಸಂಖ್ಯೆಯನ್ನು ಸಂಖ್ಯೆಯೊಡನೆ ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಊರುಗಳು. ಒಂದು ವಿಧದಲ್ಲಿ ದಾಖಲಾದ ಶೋರಾಪುರ ಇನ್ನೊಂದು ವಿಧದಲ್ಲಿ ಹುಡುಕಿದವನಿಗೆ ಸಿಕ್ಕದು. ‘ಯಾದಗೀರ’ ಎಂದು ಬರೆದರೆ ಗುಡಿಸಿನ ದೀರ್ಘಕ್ಕೂ ಇದೇ ಗತಿ.

ಹಾಗಾದರೆ ಇದಕ್ಕೆ ನಿಯಮವಿಲ್ಲವೆ? ಉಂಟು. ಅಂತರ್ಜಾಲದ ನಿಯಮಗಳು ಆರ್.ಎಫ್.ಸಿ. ಎಂಬ, ಸಂಖ್ಯೆಯಿಂದ ಗುರುತಿಸುವ ದಾಖಲೆಗಳಲ್ಲಿವೆ. ‘ಅಭಿಪ್ರಾಯ ತಿಳಿಸಿರೆಂಬ ಕೋರಿಕೆ’ ಎಂಬುದು ಆ ಹೆಸರಿನ ಅರ್ಥ. 1969ರ ಏಪ್ರಿಲ್ 7ರಂದು ಮೊದಲನೆಯದನ್ನು ಬರೆದ ಸ್ಟೀವ್ ಕ್ರಾಕರ್ ಆಗ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಇವನ್ನು ಪಾಲಿಸದವರಿಗೆ ದಂಡ ವಿಧಿಸುವ ಅಧಿಕಾರಿಯಿಲ್ಲ. ಒಂದು ಯಂತ್ರದ ಮಾತು ಇನ್ನೊಂದಕ್ಕೆ ತಿಳಿಯಬೇಕೆಂಬ ಅಗತ್ಯವೇ ಇವುಗಳ ಬಲ.

ಆದಕಾರಣವೇ ಇಲ್ಲಿ ಒಂದೊಂದು ಸಣ್ಣ ಪದಕ್ಕೂ ತೂಕವುಂಟು. 1997ರಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ 2119ನೆಯ ದಾಖಲೆ ಆ ತೂಕವನ್ನು ನಿಗದಿಮಾಡಿತು. ‘ಮಸ್ಟ್’ ಎಂದರೆ ವಿನಾಯಿತಿಯಿಲ್ಲ. ‘ಮೇ’ ಎಂದರೆ ಅವರವರ ಇಷ್ಟ. ನಡುವಿನ ‘ಶುಡ್’ ಸೂಕ್ಷ್ಮವಾದುದು: ತಕ್ಕ ಕಾರಣವಿದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುವುದೆಂಬುದನ್ನು ಪೂರ್ತಿ ತಿಳಿದು ತೂಗಿನೋಡಿದ ಮೇಲೆಯೇ. ನಮ್ಮ ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’, ‘ಕೂಡದು’, ‘ಬಹುದು’ ಎಂಬವು ಇಂಥ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿವೆ. ‘ಶುಡ್’ಗೆ ಮಾತ್ರ ಅಷ್ಟು ಖಚಿತವಾದ ಪದ ನಮ್ಮಲ್ಲಿ ರೂಢಿಗೆ ಬಂದಿಲ್ಲ.

ಶೋರಾಪುರದ ಓತ್ವ ಸಿಕ್ಕಿಕೊಂಡಿರುವುದು ಈ ನಡುವಿನ ಪದದಲ್ಲಿಯೇ. ಅಂತರ್ಜಾಲದ ವಿಳಾಸನಾಮಗಳ ವಿಷಯದಲ್ಲಿ 5891ನೆಯ ದಾಖಲೆ (2010) ಅಕ್ಷರಗಳು ಗೊತ್ತಾದ ಒಂದೇ ರೂಪದಲ್ಲಿ ಇರತಕ್ಕದ್ದೆಂದು ವಿಧಿಸುತ್ತದೆ. ಸಾಮಾನ್ಯ ಪಠ್ಯವನ್ನು ಕಳುಹಿಸುವ ಬಗೆಯನ್ನು ಹೇಳುವ 5198ನೆಯದು (2008) ಅದೇ ಮಾತನ್ನು ‘ಶುಡ್’ ಎಂದು ಹೇಳಿ ನಿಲ್ಲುತ್ತದೆ. ಈ ಸಡಿಲಿಕೆ ಅಕಾರಣವಲ್ಲ. ಬಂದ ಪಠ್ಯವನ್ನು ಇದ್ದಂತೆಯೇ ಕಾಯಬೇಕಾದ ಸಂಗ್ರಹಗಳೂ ಇವೆ. ಅಲ್ಲಿ ಹುಡುಕುವಾಗಲಾದರೂ ಎರಡು ರೂಪಗಳನ್ನು ಸಮೀಕರಿಸಿದರೆ ಸಾಕು.

ಕೆಡುಕು ಹುಟ್ಟುವುದು ತೂಗಿನೋಡದೆ ಬಿಟ್ಟಾಗ. ಮೂಲವನ್ನು ಓದದೆ ಇನ್ನೊಬ್ಬರ ಮಾದರಿಯನ್ನು ನಕಲು ಮಾಡುವ ತರುಣನಿಗೆ ‘ಶುಡ್’ ಎಂಬುದು ‘ಮೇ’ ಆಗಿಬಿಡುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಂದ ಪರೀಕ್ಷಿಸಿದರೆ ಅವನ ತಂತ್ರಾಂಶದಲ್ಲಿ ದೋಷವೇ ಕಾಣದು. ಉಪೇಕ್ಷೆಯ ಫಲ ಕನ್ನಡದಲ್ಲಿ ಹೆಸರು ಬರೆದವನ ಪಾಲಿಗೆ.

2119ನೆಯ ದಾಖಲೆ ಮೂರೇ ಪುಟದ್ದು, ಬೆಲೆಯಿಲ್ಲದೆ ದೊರೆಯುವಂಥದು. ನಮ್ಮ ಕಾಲೇಜುಗಳಲ್ಲಿ ಕನ್ನಡದ ಅಧ್ಯಾಪಕರೂ ಗಣಕಶಾಸ್ತ್ರದ ಅಧ್ಯಾಪಕರೂ ಒಂದು ದಿನ ಜೊತೆಗೂಡಿ ಅದನ್ನು ಪಾಠ ಹೇಳಬಾರದೇಕೆ? ಕಾಗುಣಿತ ಬಲ್ಲವನಿಗೆ ನಿಯಮವೂ ನಿಯಮ ಬಲ್ಲವನಿಗೆ ಕಾಗುಣಿತವೂ ತಿಳಿದಾಗಲೇ ಊರಿನ ಹೆಸರು ಹುಡುಕಿದವರ ಕೈಗೆ ಸಿಕ್ಕೀತು.